ಕಡಲಾಚೆಯ ಮಾತಿಗೆ ಬೆಲೆಯೆಷ್ಟು?

ಹಿರೇನಲ್ಲೂರು ಕಡೂರು ತಾಲ್ಲೂಕಿನ ಒಂದು ಹೋಬಳಿಯ ಮುಖ್ಯ ಗ್ರಾಮ. ಹೊಯ್ಸಳರ ಕಾಲದ ಮಲ್ಲಿಕಾರ್ಜುನ ದೇವಾಲಯವುಳ್ಳ ಹಳೆಯ ಊರು. ರಾಗಿಯ ಹೊಲ, ತೆಂಗಿನ ತೋಟ, ಮಳೆ ಬಂದರೆ ತುಂಬಿ ಬಾರದಿದ್ದರೆ ಬಿರಿಯುವ ಕೆರೆ, ಇವೆಲ್ಲ ಬಯಲುಸೀಮೆಯ ಅಂಚಿನ ಯಾವ ಊರಿನಲ್ಲಿಯೂ ಕಾಣಬರುವಂಥವೇ. ನಾವು ಪ್ರಾಥಮಿಕ ಶಾಲೆಯಲ್ಲಿ ಓದುತ್ತಿದ್ದ ಕಾಲಕ್ಕೆ, ಎಂದರೆ 1990ರ ದಶಕದ ಕೊನೆಯ ವರ್ಷಗಳಲ್ಲಿ, ಬಸ್ಸು ನಿಲ್ಲುವ ಜಾಗದ ಬಳಿ ಹಳದಿ ಹಲಗೆ ತೂಗುಹಾಕಿದ್ದ ಒಂದು ಪುಟ್ಟ ಅಂಗಡಿಯಿತ್ತು. ಹಲಗೆಯ ಮೇಲೆ ‘ಎಸ್.ಟಿ.ಡಿ., ಐ.ಎಸ್.ಡಿ., ಪಿ.ಸಿ.ಒ.’ ಎಂದು ಬರೆದಿತ್ತು. ನೆರೆಮನೆಯ ತಾಯಿಯೊಬ್ಬರ ಮಗ ಮಸ್ಕತ್ತಿನಲ್ಲಿ ಕೆಲಸಕ್ಕಿದ್ದನು. ತಿಂಗಳಿಗೊಮ್ಮೆ ಆಕೆ ಅಂಕಿಗಳನ್ನು ಒತ್ತಿಕೊಡುವುದಕ್ಕಾಗಿ ನಮ್ಮನ್ನು ಜೊತೆಗೆ ಕರೆದುಕೊಂಡು ಆ ಅಂಗಡಿಗೆ ಹೋಗುತ್ತಿದ್ದರು.

ಕರೆ ಕೂಡುತ್ತಿದ್ದಂತೆಯೇ ಪೆಟ್ಟಿಗೆಯ ಮೇಲಿನ ಕೆಂಪು ಅಂಕಿಗಳು ಓಡತೊಡಗುವುವು. ‘ಉಂಡ್ಯೇನಪ್ಪಾ?’ ಎಂದು ತಾಯಿ ಕೇಳುವರು. ಉತ್ತರವಿಲ್ಲ. ‘ಕೇಳುಸ್ತಾ ಇದ್ಯಾ? ಉಂಡ್ಯಾ?’ ಎಂದು ಮತ್ತೆ ಕೂಗುವರು. ಆ ಕೂಗಿನ ಮೇಲೆಯೇ ಮಗನ ‘ಹೂಂ ಕಣಮ್ಮ’ ಎಂಬ ಮಾತು ಬಂದು ಬೀಳುವುದು. ಇಬ್ಬರೂ ಒಮ್ಮೆಗೇ ಮಾತನಾಡುವರು, ಒಮ್ಮೆಗೇ ಸುಮ್ಮನಾಗುವರು. ಅಂಕಿಗಳು ಮಾತ್ರ ಸುಮ್ಮನಾಗುತ್ತಿರಲಿಲ್ಲ. ಎರಡು ನಿಮಿಷದ ಆ ಸಂಭಾಷಣೆಗೆ ತೋಟದ ಕೂಲಿಯವರ ಒಂದು ದಿನದ ದುಡಿಮೆಗಿಂತ ಹೆಚ್ಚು ಹಣ ತೆರಬೇಕಾಗುತ್ತಿತ್ತು. ಮನೆಯ ಯಜಮಾನರು ಕಾಯಿಲೆ ಬಿದ್ದ ಸಂಗತಿಯನ್ನು ಆ ತಾಯಿ ಮೂರು ತಿಂಗಳವರೆಗೆ ಮಗನಿಗೆ ತಿಳಿಸಲಿಲ್ಲ. ಮರೆಮಾಡಬೇಕೆಂಬ ಉದ್ದೇಶದಿಂದಲ್ಲ, ‘ಅದನ್ನ ಹೇಳಕ್ಕೆ ಹೋದ್ರೆ ಬೇಗ ಮುಗಿಯಲ್ಲ ಕಣೋ’ ಎಂದು ಅಂಗಡಿಯಿಂದ ಹಿಂದಿರುಗುವಾಗ ನಮ್ಮೊಡನೆ ಹೇಳಿದ್ದರು.

ಈ ದೃಶ್ಯದಲ್ಲಿ ಭೌತವಿಜ್ಞಾನದ ವಿದ್ಯಾರ್ಥಿಯು ಕೇಳಿಕೊಳ್ಳಬೇಕಾದ ಎರಡು ಪ್ರಶ್ನೆಗಳಿವೆ. ಮಾತುಗಳು ಒಂದರ ಮೇಲೊಂದು ಬೀಳುತ್ತಿದ್ದುದೇಕೆ? ಮಾತು ಅಷ್ಟು ದುಬಾರಿಯಾಗಿದ್ದುದೇಕೆ? ಮೊದಲನೆಯದಕ್ಕೆ ಉತ್ತರ ಸುಲಭ. ಎರಡನೆಯದು ನಮ್ಮನ್ನು ಭೌತವಿಜ್ಞಾನದ ಆಚೆಗೂ ಸ್ವಲ್ಪ ದೂರ ಕರೆದೊಯ್ಯುತ್ತದೆ.

ಆ ಕಾಲದಲ್ಲಿ ಕಡಲಾಚೆಯ ಕರೆಗಳಲ್ಲಿ ಅನೇಕವು ಉಪಗ್ರಹದ ಮೂಲಕ ಸಾಗುತ್ತಿದ್ದವು. ಭೂಮಿಯ ಜೊತೆಜೊತೆಗೇ ಸುತ್ತುತ್ತ ಆಕಾಶದಲ್ಲಿ ಒಂದೇ ಕಡೆ ನಿಂತಂತೆ ತೋರುವ ಇಂಥ ಉಪಗ್ರಹವು ಸಮಭಾಜಕ ವೃತ್ತದ ಮೇಲೆ ಸುಮಾರು 36,000 ಕಿಲೋಮೀಟರು ಎತ್ತರದಲ್ಲಿರುತ್ತದೆ. ಮಾತು ಮೇಲಕ್ಕೆ ಹೋಗಿ ಕೆಳಕ್ಕಿಳಿಯಲು 72,000 ಕಿಲೋಮೀಟರು ಆಯಿತು. ರೇಡಿಯೋ ಅಲೆಯ ವೇಗ ಬೆಳಕಿನದೇ, ಸೆಕೆಂಡಿಗೆ 3 ಲಕ್ಷ ಕಿಲೋಮೀಟರು. ಆದ್ದರಿಂದ ತಾಯಿಯ ಪ್ರಶ್ನೆ ಮಗನನ್ನು ಮುಟ್ಟಲು 0.24 ಸೆಕೆಂಡು, ಮಗನ ಉತ್ತರ ಹಿಂದಿರುಗಲು ಇನ್ನೊಂದು 0.24 ಸೆಕೆಂಡು. ಎದುರೆದುರು ಕುಳಿತು ಮಾತನಾಡುವಾಗ ಅರ್ಧ ಸೆಕೆಂಡಿನ ಮೌನವೆಂದರೆ ಎದುರಿಗಿರುವವರಿಗೆ ಕೇಳಿಸಲಿಲ್ಲವೆಂದೇ ಅರ್ಥ. ಅಷ್ಟರಲ್ಲಿ ತಾಯಿ ಮತ್ತೆ ಕೇಳಿಬಿಡುತ್ತಿದ್ದರು. ಬೆಂಗಳೂರಿನಿಂದ ಎರಡು ಸಾವಿರ ಕಿಲೋಮೀಟರಿಗಿಂತ ತುಸು ಹೆಚ್ಚು ದೂರದಲ್ಲಿರುವ ಮಸ್ಕತ್ತಿಗೆ ಮಾತು ಹೀಗೆ ಎಪ್ಪತ್ತು ಸಾವಿರ ಕಿಲೋಮೀಟರು ಬಳಸಿ ಹೋಗುತ್ತಿತ್ತೆಂಬುದು ಸೋಜಿಗದ ಸಂಗತಿಯೇ ಸರಿ.

ಇನ್ನು ಬೆಲೆಯ ವಿಷಯ. ಕಡಲಾಚೆಯ ಮಾತು ಹುಟ್ಟಿದಂದಿನಿಂದಲೂ ಸಿರಿವಂತರ ಸೊತ್ತಾಗಿತ್ತು. 1927ರ ಜನವರಿಯಲ್ಲಿ ನ್ಯೂಯಾರ್ಕಿಗೂ ಲಂಡನ್ನಿಗೂ ನಡುವೆ ರೇಡಿಯೋ ದೂರವಾಣಿಯು ಸಾರ್ವಜನಿಕರಿಗೆ ತೆರೆದಾಗ ಮೂರು ನಿಮಿಷದ ಮಾತಿಗೆ 75 ಡಾಲರು ಶುಲ್ಕವಿತ್ತು. ನಮ್ಮ ಮುಂಬಯಿಯಿಂದ ಲಂಡನ್ನಿಗೆ ಅಂಥ ಸಂಪರ್ಕ ದೊರೆತದ್ದು 1933ರಲ್ಲಿ. ಅಟ್ಲಾಂಟಿಕ್ ಸಾಗರದ ತಳದಲ್ಲಿ ಮೊದಲ ದೂರವಾಣಿ ಹುರಿಯನ್ನು ಹಾಸಿದ್ದು 1956ರಲ್ಲಿ. ಅದರಲ್ಲಿ ಏಕಕಾಲಕ್ಕೆ ನಡೆಯಬಹುದಾಗಿದ್ದ ಸಂಭಾಷಣೆಗಳು ಕೇವಲ 36. ಎರಡು ಭೂಖಂಡಗಳ ಜನಕ್ಕೆಲ್ಲ ಮೂವತ್ತಾರು ಮಾತು! ಪುಣೆಗೆ ಉತ್ತರದಲ್ಲಿರುವ ಆರ್ವಿಯ ಉಪಗ್ರಹ ಭೂಕೇಂದ್ರವು 1971ರಲ್ಲಿ ಕಾರ್ಯಾರಂಭ ಮಾಡಿತು. 1976ರಲ್ಲಿ ಇಂಗ್ಲೆಂಡಿಗೆ ನೇರವಾಗಿ ಅಂಕಿ ತಿರುಗಿಸಿ ಮಾತನಾಡುವ ಸೌಕರ್ಯ ಬಂದಿತು. ಅದಕ್ಕೆ ಮೊದಲು ಟ್ರಂಕ್ ಕರೆಗೆ ಹೆಸರು ಬರೆಸಿ, ಗಂಟೆಗಟ್ಟಲೆ ಕಾದು, ಕರೆ ಬಂದಾಗ ಗಂಟಲು ಹರಿಯುವಂತೆ ಕೂಗಬೇಕಾಗಿತ್ತು.

ಆದರೆ ಮುಂಬಯಿಗೆ ಲಂಡನ್ನು ಹತ್ತಿರವಾದ ಮಾತ್ರಕ್ಕೆ ಹಿರೇನಲ್ಲೂರಿನಂಥ ಊರಿಗೆ ಆದ ಲಾಭವೇನು? ಹಳ್ಳಿಯಲ್ಲಿ ದೂರವಾಣಿ ಕೇಂದ್ರವೇ ಇಲ್ಲದಿದ್ದರೆ ಆರ್ವಿಯ ಬಾನಗಲದ ಬಟ್ಟಲೂ ನಿಷ್ಪ್ರಯೋಜಕ. ಬೆಂಗಳೂರಿನ ಇಂಡಿಯನ್ ಟೆಲಿಫೋನ್ ಇಂಡಸ್ಟ್ರೀಸ್ ಕಾರ್ಖಾನೆ 1948ರಿಂದಲೂ ದೂರವಾಣಿಗಳನ್ನು ತಯಾರಿಸುತ್ತಿದ್ದಿತಾದರೂ ಅಂದಿನ ಕೇಂದ್ರಗಳ ಯಂತ್ರಗಳು ನೂರಾರು ಚಲಿಸುವ ಲೋಹದ ಭಾಗಗಳಿಂದ ಕೂಡಿದ್ದವು. ಅವಕ್ಕೆ ಧೂಳು ಆಗದು, ಸೆಕೆ ಆಗದು; ನುರಿತ ಕೆಲಸಗಾರರು ಸದಾ ಹತ್ತಿರವಿರಬೇಕು. ಪರದೇಶಗಳಿಂದ ತರಿಸಿದ ಹೊಸ ಬಗೆಯ ಕೇಂದ್ರಗಳಿಗೆ ತಣ್ಣನೆಯ ಕೊಠಡಿಯೇ ಬೇಕು. ದಿನಕ್ಕೆ ಮೂರು ಬಾರಿ ವಿದ್ಯುತ್ತು ಹೋಗುವ ಊರಿನಲ್ಲಿ ಅದು ಆಗುವ ಮಾತಲ್ಲ.

ಈ ತೊಡಕನ್ನು ಬಿಡಿಸಿದ ಕೆಲಸದ ಮೊದಲ ಫಲ ಕಂಡದ್ದು ನಮ್ಮ ಕರ್ಣಾಟಕದಲ್ಲಿಯೇ ಎಂಬುದನ್ನು ವಾಚಕರಲ್ಲಿ ಬಹುಮಂದಿ ಅರಿತಿರಲಾರರು. 1984ರಲ್ಲಿ ಭಾರತ ಸರ್ಕಾರವು ಸಿ-ಡಾಟ್ ಎಂಬ ಸಂಶೋಧನ ಸಂಸ್ಥೆಯನ್ನು ಸ್ಥಾಪಿಸಿತು. ಸ್ಯಾಮ್ ಪಿತ್ರೋಡಾ ಅವರು ಅದರ ಹಿಂದಿನ ಪ್ರೇರಕಶಕ್ತಿಯಾಗಿದ್ದರು. ಯುವ ಇಂಜಿನಿಯರುಗಳೇ ಹೆಚ್ಚಾಗಿದ್ದ ಆ ತಂಡವು ಹಳ್ಳಿಗೆಂದೇ 128 ದ್ವಾರಗಳ ಒಂದು ಚಿಕ್ಕ ವಿದ್ಯುನ್ಮಾನ ಕೇಂದ್ರವನ್ನು ರೂಪಿಸಿತು. ಬೀರುವಿನಷ್ಟು ದೊಡ್ಡದಾದ ಪೆಟ್ಟಿಗೆ. ಒಳಗಿನ ಬಿಸಿಗಾಳಿ ತಾನಾಗಿಯೇ ಮೇಲೇರಿ ಹೊರಹೋಗುವಂಥ ರಚನೆ. ತಣ್ಣನೆಯ ಕೊಠಡಿಯ ಹಂಗಿಲ್ಲ. ಕೆಟ್ಟ ಭಾಗವನ್ನು ಕಳಚಿ ಬೇರೊಂದನ್ನು ತೂರಿಸಿದರೆ ಸಾಕು. ಇದರ ಮೊದಲ ಯಂತ್ರವನ್ನು 1986ರಲ್ಲಿ ಬೆಳಗಾವಿ ಜಿಲ್ಲೆಯ ಕಿತ್ತೂರಿನಲ್ಲಿ ನೆಲೆಗೊಳಿಸಿದರು. ರಾಣಿ ಚೆನ್ನಮ್ಮನ ಕಿತ್ತೂರೇ ಅದು. ಮುಂದೆ ಈ ಬಗೆಯ ಕೇಂದ್ರಗಳು ದೇಶದ ಸಾವಿರಾರು ಹಳ್ಳಿಗಳಿಗೆ ಹೋದವು. ಹಳದಿ ಹಲಗೆಯ ಅಂಗಡಿಗಳು ಮೂಲೆಮೂಲೆಗೂ ಬರಲು ಸಾಧ್ಯವಾದದ್ದು ಇದರಿಂದಲೇ. ಚಂದ್ರನಿಗೆ ಹಾರಿದ ಯಂತ್ರಗಳ ಹೆಸರನ್ನು ನಮ್ಮ ಮಕ್ಕಳು ಒಪ್ಪಿಸಬಲ್ಲರು. ಕಿತ್ತೂರಿನ ಪೆಟ್ಟಿಗೆಯ ಹೆಸರನ್ನು ಯಾರೂ ಕೇಳಿಲ್ಲ.

ಊರಿಗೆ ದೂರವಾಣಿ ಬಂದಿತು, ಆದರೂ ಬೆಲೆ ಇಳಿಯಲಿಲ್ಲ. ಅಮೆರಿಕೆಗೆ ಒಂದು ನಿಮಿಷ ಮಾತನಾಡಲು 1990ರ ದಶಕದ ಕೊನೆಯಲ್ಲಿಯೂ ಅರವತ್ತು ರೂಪಾಯಿಗೆ ಮೇಲ್ಪಟ್ಟು ತೆರಬೇಕಿತ್ತು. ಇದಕ್ಕಿದ್ದ ಒಂದು ಕಾರಣವನ್ನು ತಿಳಿಯಲು ನಾವು ಬೀರೂರು ಜಂಕ್ಷನ್ನಿಗೆ ಹೋಗಿ ನಿಂತರೆ ಸಾಕು. ಬೀರೂರಿನಿಂದ ಬೆಂಗಳೂರಿಗೆ ಹೊರಟ ಒಬ್ಬನೇ ಪ್ರಯಾಣಿಕನಿಗಾಗಿ ಇಡೀ ರೈಲುಹಾದಿಯನ್ನು ಕಾದಿರಿಸಿ, ಅವನು ಇಳಿಯುವವರೆಗೆ ಬೇರೆ ಯಾರನ್ನೂ ಬಿಡದಿದ್ದರೆ ಟಿಕೆಟ್ಟಿನ ಬೆಲೆ ಏನಾದೀತು? ಹಳೆಯ ದೂರವಾಣಿಯ ಕ್ರಮ ಅದೇ. ಕರೆ ಕೂಡಿದೊಡನೆ ಈ ತುದಿಯಿಂದ ಆ ತುದಿಯವರೆಗೆ ಒಂದು ಹಾದಿ ಮೀಸಲಾಗುತ್ತಿತ್ತು. ತಾಯಿ ಕಣ್ಣೊರೆಸಿಕೊಳ್ಳುತ್ತ ಮಾತಿಲ್ಲದೆ ನಿಂತಾಗಲೂ ಹಾದಿ ಅವರದೇ, ಹಣವೂ ಅವರದೇ. ಯಾವುದೇ ಸಂಭಾಷಣೆಯಲ್ಲಿ ಒಬ್ಬರು ಮಾತನಾಡುವಾಗ ಮತ್ತೊಬ್ಬರು ಕೇಳುತ್ತಿರುವುದರಿಂದ ಹಾದಿಯ ಅರ್ಧಕ್ಕೂ ಹೆಚ್ಚು ಭಾಗ ಬರಿದಾಗಿಯೇ ಇರುತ್ತದೆ.

ಅಂತರ್ಜಾಲದ ಕ್ರಮ ಬೇರೆ. ಅದು ಮಾತನ್ನು ತೆಂಗಿನಕಾಯಿಯಂತೆ ಚೀಲಗಳಲ್ಲಿ ತುಂಬುತ್ತದೆ. ಮನುಷ್ಯನ ಧ್ವನಿಯಲ್ಲಿ ಅರ್ಥವಾಗಲು ಬೇಕಾದ ಕಂಪನಗಳೆಲ್ಲ ಸೆಕೆಂಡಿಗೆ 4,000ದ ಒಳಗೆ ಅಡಗಿವೆ. ಯಾವುದೇ ಅಲೆಯನ್ನು ಅದರ ಅತಿ ಹೆಚ್ಚಿನ ಕಂಪನಾಂಕದ ಎರಡರಷ್ಟು ಬಾರಿ ಅಳೆದರೆ ಆ ಅಳತೆಗಳಿಂದಲೇ ಅಲೆಯನ್ನು ಮತ್ತೆ ಕಟ್ಟಬಹುದೆಂಬುದು ಗಣಿತದಿಂದ ಸಿದ್ಧವಾಗಿರುವ ಸಂಗತಿ. ಆದ್ದರಿಂದ ಸೆಕೆಂಡಿಗೆ 8,000 ಅಳತೆ. ಒಂದೊಂದು ಅಳತೆಯನ್ನೂ ಬರೆಯಲು ಸೊನ್ನೆ ಅಥವಾ ಒಂದು ಎಂಬ ಎಂಟು ಗುರುತುಗಳು, ಎಂದರೆ ಎಂಟು ಬಿಟ್‌ಗಳು. ಒಟ್ಟು ಸೆಕೆಂಡಿಗೆ 64,000 ಬಿಟ್. ಮುಂದೆ ಧ್ವನಿಯಲ್ಲಿನ ಪುನರಾವೃತ್ತಿಯನ್ನು ಗಣಿತದಿಂದ ಗುರುತಿಸಿ, ಬೇಡದ್ದನ್ನು ಬಿಟ್ಟು, ಇದನ್ನು 8,000ಕ್ಕೆ ಇಳಿಸಿದರೂ ಮಾತು ಅರ್ಥವಾಗುವಂತೆ ಮಾಡಿದರು.

ಹೀಗೆ ಹಿಂಡಿದ ಮಾತನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗದಷ್ಟು ಚಿಕ್ಕ ತುಣುಕುಗಳಾಗಿ ಕತ್ತರಿಸಿ, ಪ್ರತಿಯೊಂದನ್ನೂ ಪೊಟ್ಟಣ ಕಟ್ಟಿ, ಮೇಲೆ ವಿಳಾಸವನ್ನೂ ಕ್ರಮಸಂಖ್ಯೆಯನ್ನೂ ಬರೆದು ಜಾಲಕ್ಕೆ ಒಪ್ಪಿಸುತ್ತಾರೆ. ಕಡೂರಿನಿಂದ ತಿಪಟೂರಿನ ಮಂಡಿಗೆ ಕೊಬ್ಬರಿ ಕಳುಹಿಸುವವರು ತಮ್ಮ ಚೀಲಗಳ ಮೇಲೆ ಗುರುತು ಹಾಕಿ, ಜಾಗವಿದ್ದ ಲಾರಿಗೆ ಏರಿಸುವುದಿಲ್ಲವೆ? ಹಾಗೆಯೇ ಒಂದೇ ಹಾದಿಯಲ್ಲಿ ಸಾವಿರಾರು ಜನರ ಪೊಟ್ಟಣಗಳು ಬೆರೆತು ಸಾಗುತ್ತವೆ. ಒಂದು ಪೊಟ್ಟಣ ಕಳೆದುಹೋದರೆ ಅದಕ್ಕಾಗಿ ಕಾಯುವುದಿಲ್ಲ; ಮಾತಿನಲ್ಲಿ ಕಿವಿಗೆ ತಿಳಿಯದಷ್ಟು ಒಂದು ಬಿರುಕು ಬಿಡುತ್ತದೆ, ಅಷ್ಟೇ. ಹಲವು ಕಳೆದರೆ ಮಾತು ಬಾವಿಯೊಳಗಿನಿಂದ ಬಂದಂತೆ ಒಡೆಯುತ್ತದೆ. ಇಲ್ಲೊಂದು ತಮಾಷೆಯೂ ಉಂಟು: ಸೆಕೆಂಡಿಗೆ 8,000 ಬಿಟ್ ಕ್ರಮದಲ್ಲಿ ಒಂದು ಪೊಟ್ಟಣದೊಳಗಿನ ಮಾತಿನ ತೂಕ 20 ಬೈಟ್ ಆದರೆ, ಮೇಲಿನ ವಿಳಾಸಚೀಟಿಯ ತೂಕ ಸಾಮಾನ್ಯವಾಗಿ 40 ಬೈಟ್. ಸರಕಿಗಿಂತ ಚೀಟಿಯೇ ಎರಡರಷ್ಟು ಭಾರ! ಆದರೂ ಇದು ಅಗ್ಗ.

ಪೊಟ್ಟಣಗಳು ಸಾಗುವ ಹಾದಿಯಾದರೂ ಎಂಥದು? ಗಾಜಿನ ಎಳೆ. ಗಾಜಿನೊಳಗೆ ಓರೆಯಾಗಿ ಹೊಕ್ಕ ಬೆಳಕು ಅಂಚನ್ನು ಮುಟ್ಟಿದಾಗಲೆಲ್ಲ ಪೂರ್ತಿಯಾಗಿ ಒಳಕ್ಕೇ ಪ್ರತಿಫಲಿಸುತ್ತ ಸಾಗುವುದನ್ನು ಪ್ರಯೋಗಶಾಲೆಯಲ್ಲಿ ವಿದ್ಯಾರ್ಥಿಗಳು ಕಂಡಿರುತ್ತಾರೆ. ತತ್ತ್ವ ಹಳೆಯದು, ತೊಡಕಿದ್ದುದು ಗಾಜಿನ ಕೊಳೆಯಲ್ಲಿ. ಒಂದು ಕಿಲೋಮೀಟರು ಸಾಗಿದ ಮೇಲೆ ಹೊಕ್ಕ ಬೆಳಕಿನ ನೂರರಲ್ಲೊಂದು ಪಾಲು ಉಳಿದರೂ ಸಾಕು, ಅಂಥ ಗಾಜಿನಿಂದ ಸಂದೇಶ ಕಳುಹಿಸಬಹುದೆಂದೂ, ಗಾಜಿನಲ್ಲಿನ ಕಲ್ಮಷವನ್ನು ತೆಗೆದರೆ ಇದು ಸಾಧ್ಯವೆಂದೂ 1966ರಲ್ಲಿ ಚಾರ್ಲ್ಸ್ ಕಾವೊ ವಾದಿಸಿದರು. 2009ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಗಾಜಿನಲ್ಲಿ ನೂರರಲ್ಲೊಂದು ಪಾಲು ಬೆಳಕು ಉಳಿಯುವುದು ಒಂದು ಕಿಲೋಮೀಟರಿಗಲ್ಲ, ಸುಮಾರು ನೂರು ಕಿಲೋಮೀಟರಿಗೆ. ಹಿರೇನಲ್ಲೂರಿನ ಕೆರೆಯ ನೀರು ಅಷ್ಟು ತಿಳಿಯಾಗಿದ್ದರೆ ತಳದ ಪ್ರತಿಯೊಂದು ಹರಳೂ ದಡದಿಂದಲೇ ಕಾಣುತ್ತಿತ್ತು.

1988ರಲ್ಲಿ ಅಟ್ಲಾಂಟಿಕ್ಕಿನ ತಳದಲ್ಲಿ ಹಾಸಿದ ಮೊದಲ ಗಾಜಿನ ಹುರಿಯು ಸುಮಾರು 40,000 ಸಂಭಾಷಣೆಗಳನ್ನು ಹೊರುತ್ತಿತ್ತು. 2002ರಲ್ಲಿ ಚೆನ್ನೈಗೂ ಸಿಂಗಪುರಕ್ಕೂ ನಡುವೆ ಹಾಸಿದ ಹುರಿಯನ್ನು ಸೆಕೆಂಡಿಗೆ 8.4 ಲಕ್ಷ ಕೋಟಿ ಬಿಟ್ ಒಯ್ಯುವಂತೆ ರೂಪಿಸಿದ್ದರು. ಇದನ್ನು 64,000ದಿಂದ ಭಾಗಿಸಿ ನೋಡಿರಿ: 13 ಕೋಟಿ ಸಂಭಾಷಣೆಗಳು. ಮೂವತ್ತಾರರಿಂದ ಹದಿಮೂರು ಕೋಟಿಗೆ ಬರಲು ಹಿಡಿದ ಕಾಲ 46 ವರ್ಷ.

ಹಾದಿ ಇಷ್ಟು ಅಗಲವಾದ ಮೇಲೆಯೂ ಹಳದಿ ಹಲಗೆಯ ಅಂಗಡಿಯಲ್ಲಿ ಕೆಂಪು ಅಂಕಿಗಳು ಅದೇ ವೇಗದಿಂದ ಓಡುತ್ತಿದ್ದುದೇಕೆ? ಇದಕ್ಕೆ ಉತ್ತರ ಭೌತವಿಜ್ಞಾನದಲ್ಲಿಲ್ಲ. ಕರೆ ಹೊರಡುವ ದೇಶವು ಕರೆ ಮುಟ್ಟುವ ದೇಶಕ್ಕೆ ನಿಮಿಷಕ್ಕಿಷ್ಟೆಂದು ಹಣ ಸಲ್ಲಿಸುವ ಪದ್ಧತಿ ಬಹುಕಾಲದಿಂದ ನಡೆದುಬಂದಿತ್ತು. ಹೊರದೇಶಗಳಿಂದ ಹೆಚ್ಚು ಕರೆಗಳನ್ನು ಪಡೆಯುತ್ತಿದ್ದ ನಮ್ಮಂಥ ಬಡದೇಶಗಳಿಗೆ ಇದೊಂದು ವಿದೇಶೀ ವಿನಿಮಯದ ಮೂಲ. ನಮ್ಮ ದೇಶದಲ್ಲಿ ಕಡಲಾಚೆಯ ಕರೆಗಳೆಲ್ಲ ವಿದೇಶ ಸಂಚಾರ ನಿಗಮ ಎಂಬ ಒಂದೇ ಸಂಸ್ಥೆಯ ಮೂಲಕ ಹಾಯಬೇಕಿತ್ತು. ಅದೇ ಸಂಸ್ಥೆ 1995ರ ಆಗಸ್ಟ್ 15ರಂದು ಸಾರ್ವಜನಿಕರಿಗೆ ಅಂತರ್ಜಾಲವನ್ನು ತೆರೆಯಿತಾದರೂ, ಅದರ ಮೂಲಕ ದೂರವಾಣಿಯಂತೆ ಮಾತನಾಡುವುದಕ್ಕೆ ಅನುಮತಿ ದೊರೆತದ್ದು 2002ರ ಏಪ್ರಿಲ್ 1ರಂದು. ಆ ವೇಳೆಗೇ ಸಂಸ್ಥೆಯ ಏಕಸ್ವಾಮ್ಯವೂ ಕೊನೆಗೊಂಡಿತು, ಬೆಲೆ ಜಾರತೊಡಗಿತು. ಆ ಶುಲ್ಕದ ಹಣ ದೇಶದ ದೂರವಾಣಿಗಳನ್ನು ಬೆಳೆಸಲು ಬೇಕಾಗಿತ್ತೆಂದು ವಾದಿಸುವವರಿದ್ದಾರೆ, ಆ ವಾದದಲ್ಲಿ ಹುರುಳಿಲ್ಲದಿಲ್ಲ. ಆದರೆ ಆ ಹಣವನ್ನು ತೆತ್ತವರಲ್ಲಿ ಕೊಲ್ಲಿಯ ದೇಶಗಳಲ್ಲಿ ಬಿಸಿಲಿಗೆ ಬೆಂದು ದುಡಿಯುತ್ತಿದ್ದವರೂ ಅವರ ಹೆತ್ತವರೂ ಇದ್ದರೆಂಬುದನ್ನು ನಾವು ಕಣ್ಣಾರೆ ಕಂಡಿದ್ದೇವೆ. ಇಂದಿಗೂ ಕೆಲವು ಕೊಲ್ಲಿ ರಾಷ್ಟ್ರಗಳಲ್ಲಿ ಅಂತರ್ಜಾಲದ ಮೂಲಕ ಮಾತನಾಡುವುದಕ್ಕೆ ನಿರ್ಬಂಧಗಳುಂಟು. ಅಲ್ಲಿನ ಗಾಜಿಗೂ ಬೆಳಕಿಗೂ ಏನೂ ಊನವಿಲ್ಲ.

ಈಗಿನ ಲೆಕ್ಕವನ್ನೂ ಹಾಕೋಣ. ಸ್ಪಷ್ಟವಾದ ಮಾತಿಗೆ ಸೆಕೆಂಡಿಗೆ 24,000 ಬಿಟ್ ಎಂದಿಟ್ಟುಕೊಳ್ಳೋಣ. ಪೊಟ್ಟಣಗಳು ಸೆಕೆಂಡಿಗೆ 50. ಅವುಗಳ ಚೀಟಿಗಳಿಗೆ 16,000 ಬಿಟ್. ಒಟ್ಟು 40,000. ಒಂದು ಗಂಟೆಗೆ ಒಂದು ದಿಕ್ಕಿನಲ್ಲಿ 18 ಮೆಗಾಬೈಟ್, ಎರಡೂ ದಿಕ್ಕು ಸೇರಿ 36. ಹಾಗಾದರೆ ಒಂದು ಗಿಗಾಬೈಟಿನಲ್ಲಿ ಸುಮಾರು 28 ಗಂಟೆ ಮಾತನಾಡಬಹುದು. 2016ರ ಸೆಪ್ಟೆಂಬರಿನಲ್ಲಿ ಜಿಯೊ ಸಂಸ್ಥೆ ಮಾರುಕಟ್ಟೆಗೆ ಬಂದ ಮೇಲೆ ಪೈಪೋಟಿಯಿಂದಾಗಿ, ಮೊದಲು ನೂರಾರು ರೂಪಾಯಿ ಇದ್ದ ಒಂದು ಗಿಗಾಬೈಟಿನ ಬೆಲೆ ಕೆಲವೇ ವರ್ಷಗಳಲ್ಲಿ ಹತ್ತು ಹದಿನೈದು ರೂಪಾಯಿಗೆ ಇಳಿಯಿತು. ಆ ತಾಯಿ ಈಗ ವೃದ್ಧೆ. ಸಂಜೆಯ ಹೊತ್ತು ಜಗಲಿಯ ಮೇಲೆ ಕುಳಿತು ಮಗನ ಮುಖವನ್ನೇ ನೋಡುತ್ತ ಮಾತನಾಡುತ್ತಾರೆ; ಆದರೂ ಎರಡು ನಿಮಿಷವಾಗುತ್ತಲೇ ‘ಇಡ್ತೀನಪ್ಪಾ, ದುಡ್ಡಾಗುತ್ತೆ’ ಎನ್ನುತ್ತಾರೆ. ದುಡ್ಡಾಗುವುದಿಲ್ಲವೆಂದು ನಾವು ಲೆಕ್ಕಸಹಿತ ವಿವರಿಸಿದ್ದೂ ಆಯಿತು, ನಂಬಲಿಲ್ಲ.

ಇಷ್ಟರಿಂದಲೇ ಎಲ್ಲವೂ ಸರಿಹೋಯಿತೆಂದು ಯಾರೂ ಭಾವಿಸಬಾರದು. 1980ರ ದಶಕದಲ್ಲಿ ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟವು ಡೊನಾಲ್ಡ್ ಮೈಟ್‌ಲೆಂಡ್ ಎಂಬವರ ಅಧ್ಯಕ್ಷತೆಯಲ್ಲಿ ನೇಮಿಸಿದ ಆಯೋಗವು, ಇಡೀ ಆಫ್ರಿಕಾ ಖಂಡದಲ್ಲಿರುವುದಕ್ಕಿಂತ ಹೆಚ್ಚು ದೂರವಾಣಿಗಳು ಟೋಕಿಯೋ ನಗರವೊಂದರಲ್ಲಿಯೇ ಇವೆಯೆಂದು ತೋರಿಸಿ ಲೋಕವನ್ನು ಬೆಚ್ಚಿಬೀಳಿಸಿತ್ತು. ಅದೇ ಒಕ್ಕೂಟದ 2024ರ ಅಂದಾಜಿನಂತೆ ಜಗತ್ತಿನಲ್ಲಿ 550 ಕೋಟಿ ಜನ ಅಂತರ್ಜಾಲವನ್ನು ಬಳಸುತ್ತಿದ್ದರು. ಬಳಸದವರು 260 ಕೋಟಿ. ಅತಿ ಬಡ ದೇಶಗಳಲ್ಲಿ ಬಳಸುವವರ ಪ್ರಮಾಣ ನೂರಕ್ಕೆ 27 ಮಾತ್ರ.

ನಮ್ಮ ಸರ್ಕಾರವು ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ಗಾಜಿನ ಎಳೆಯನ್ನು ಮುಟ್ಟಿಸುವ ಯೋಜನೆಯನ್ನು 2011ರಲ್ಲಿ ಅಂಗೀಕರಿಸಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂಬ ಹೆಸರು ಬಂದಿತು. ಆದರೆ ಎಳೆ ಪಂಚಾಯಿತಿಯ ಬಾಗಿಲಿಗೆ ಬಂದರೆ ಸಾಲದು. ಅಲ್ಲಿ ವಿದ್ಯುತ್ತಿರಬೇಕು, ಬ್ಯಾಟರಿ ಇರಬೇಕು, ನೀರಿನ ಕೊಳವೆಗಾಗಿ ನೆಲ ಅಗೆಯುವ ಜೆ.ಸಿ.ಬಿ. ಎಳೆಯನ್ನು ಕಿತ್ತೆಸೆದಾಗ ಅದೇ ವಾರ ಬಂದು ಬೆಸೆಯುವವರಿರಬೇಕು. ಕೊನೆಯ ಒಂದೆರಡು ಕಿಲೋಮೀಟರನ್ನು ಸಾಮಾನ್ಯವಾಗಿ ರೇಡಿಯೋ ಅಲೆಯೇ ದಾಟಿಸಬೇಕು. ಇಲ್ಲಿಯೂ ಭೌತವಿಜ್ಞಾನವುಂಟು: ಸೆಕೆಂಡಿಗೆ 90 ಕೋಟಿ ಕಂಪನಗಳ ಅಲೆಯ ಉದ್ದ 33 ಸೆಂಟಿಮೀಟರು, 230 ಕೋಟಿಯದು 13 ಸೆಂಟಿಮೀಟರು. ಉದ್ದವಾದ ಅಲೆ ಅಡೆತಡೆಗಳನ್ನು ಬಳಸಿಕೊಂಡು ದೂರ ಸಾಗುತ್ತದೆ. ಗಿಡ್ಡ ಅಲೆ ಹೆಚ್ಚು ಸುದ್ದಿಯನ್ನು ಹೊರುತ್ತದಾದರೂ ಮಳೆಯಲ್ಲಿ ತೊಯ್ದ ತೋಟದ ಎಲೆಗಳಲ್ಲಿಯೇ ಬಹುಪಾಲು ಸೋರಿಹೋಗುತ್ತದೆ. ಪಶ್ಚಿಮದ ಬಾಬಾಬುಡನ್ ಗಿರಿಯ ಮಗ್ಗುಲಿನ ಊರುಗಳಲ್ಲಂತೂ ಬೆಟ್ಟವೇ ಅಡ್ಡ. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಪಾಠ ಕೇಳಲು ಗುಡ್ಡ ಹತ್ತಿ, ಕೊಡೆ ಹಿಡಿದು ಕುಳಿತದ್ದನ್ನು ಎಲ್ಲರೂ ಬಲ್ಲರು. ಕೇವಲ 550 ಕಿಲೋಮೀಟರು ಎತ್ತರದಲ್ಲಿ ಸುತ್ತುವ ಉಪಗ್ರಹಗಳ ಮೂಲಕ ಇಂಥ ಊರುಗಳನ್ನು ಮುಟ್ಟಲು ಒಂದು ವಿದೇಶೀ ಸಂಸ್ಥೆಗೆ 2025ರಲ್ಲಿ ನಮ್ಮ ದೇಶದಲ್ಲಿ ಪರವಾನಗಿ ದೊರೆತಿದೆ. ಅರ್ಧ ಸೆಕೆಂಡಿನ ತಡೆ ಅವುಗಳಲ್ಲಿಲ್ಲ. ಬೆಲೆಯೇನಾಗುವುದೋ ನೋಡಬೇಕು.

ಕೊನೆಗೆ ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಒಂದು ಪ್ರಯೋಗವನ್ನು ಸೂಚಿಸುತ್ತೇವೆ. ದೂರದ ಗಣಕಕ್ಕೆ ಒಂದು ಪೊಟ್ಟಣವನ್ನು ಕಳುಹಿಸಿ, ಅದು ಮುಟ್ಟಿ ಹಿಂದಿರುಗಲು ಹಿಡಿದ ಕಾಲವನ್ನು ತಿಳಿಸುವ ‘ಪಿಂಗ್’ ಎಂಬ ಆಜ್ಞೆ ಎಲ್ಲ ಗಣಕಗಳಲ್ಲಿಯೂ ಉಂಟು. ನಮ್ಮ ತರಗತಿಯವರು ಅಮೆರಿಕೆಯ ಪಶ್ಚಿಮ ತೀರದ ಒಂದು ಗಣಕಕ್ಕೆ ಹೀಗೆ ಮಾಡಿದಾಗ ಸುಮಾರು 0.25 ಸೆಕೆಂಡು ಬಂದಿತು. ಗಾಜಿನಲ್ಲಿ ಬೆಳಕಿನ ವೇಗ ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರು. ಆದ್ದರಿಂದ ಹೋಗಿಬರುವ ದೂರ 50,000, ಹೋಗುವ ದೂರ 25,000 ಕಿಲೋಮೀಟರನ್ನು ಮೀರದು. ಭೂಗೋಳದ ಮೇಲೆ ದಾರ ಹಿಡಿದು ಅಳೆದರೆ ಸಿಗುವುದು ಸುಮಾರು 14,000. ಉಳಿದುದು ಹುರಿಯ ಬಳಸುದಾರಿಗೂ ನಡುವಿನ ನಿಲ್ದಾಣಗಳಲ್ಲಿ ಪೊಟ್ಟಣಗಳು ಸರದಿಗಾಗಿ ಕಾಯುವುದಕ್ಕೂ ಸಂದ ಕಾಲ. ತಮ್ಮ ತಮ್ಮ ಊರಿನಿಂದ ಬೆಳಿಗ್ಗೆ, ಸಂಜೆ, ಮಳೆ ಬರುವಾಗ ಅಳೆದು ತರುವಂತೆ ಎಲ್ಲರಿಗೂ ಹೇಳಿದೆವು. ಕಪ್ಪುಹಲಗೆಯ ಮೇಲೆ ಊರುಗಳ ಹೆಸರಿನ ಪಟ್ಟಿ ತುಂಬಿದೆ, ಒಂದರ ಮುಂದಿನ ಜಾಗವನ್ನು ಬಿಟ್ಟು. ಆ ಹಳ್ಳಿಯ ವಿದ್ಯಾರ್ಥಿನಿ ತನ್ನಲ್ಲಿ ಫೋನಿಲ್ಲವೆಂದು ಅಣ್ಣನದನ್ನು ಕೇಳಿ ಪಡೆದಿದ್ದಳು. ಪಂಚಾಯಿತಿಯವರೆಗೆ ಬಂದಿರುವ ಎಳೆ ಕಡಿದು ಮೂರು ವಾರವಾಗಿದೆ, ಕಂಬದ ಅಲೆ ಮನೆಯೊಳಕ್ಕೆ ಬರುವುದಿಲ್ಲ. ‘ಸಾರ್, ಸೊನ್ನೆ ಬರೀಲಾ?’ ಎಂದು ಕೇಳಿದಳು. ಸೊನ್ನೆ ಎಂದರೆ ಕಾಲವೇ ಹಿಡಿಯಲಿಲ್ಲವೆಂದಾಗುತ್ತದೆ, ಹಾಗೆ ಬರೆಯುವಂತಿಲ್ಲ ಎಂದು ಹೇಳಿ ಆ ಜಾಗವನ್ನು ಹಾಗೆಯೇ ಖಾಲಿ ಬಿಡಿಸಿದ್ದೇವೆ.